ರಜೆ ಕೇಳಿದ ಕಾಗದ

"ನನ್ನ ಕಾರ್ಡು ಎಲ್ಲಿ ಹೋಯ್ತು?"

ಹಾಜರಿ ಹಲಗೆಯ ಮುಂದೆ ನಿಂತು ಇಸ್ತ್ರಿಯಕ್ಕ ಯಾರನ್ನೂ ನೋಡದೆ ಕೇಳಿದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಇಸ್ತ್ರಿ ಯಂತ್ರದ ಮುಂದೆ ನಿಂತವಳಿಗೆ ಆ ಹೆಸರೇ ಅಂಟಿಕೊಂಡಿತ್ತು. ಕಣ್ಣಿನ ಪೊರೆ ತೆಗೆಸಿಕೊಂಡು ಹತ್ತು ದಿನದ ಮೇಲೆ ಬಂದಿದ್ದಳು. ಹಲಗೆಯಲ್ಲಿ ಅವಳ ಗೂಡು ಖಾಲಿಯೇನೂ ಇರಲಿಲ್ಲ. ಬೇರೆ ಯಾರದೋ ಹೊಸ ಕಾರ್ಡು ಕೂತಿತ್ತು.

ಒಳಗೆ ಇಣುಕಿದಳು. ಅವಳ ಯಂತ್ರದ ಮುಂದೆ ಅವಳ ತಂಗಿಯ ನಾದಿನಿ ನಿಂತು ಬಿಸಿ ಉರುಳೆಗಳ ನಡುವೆ ಹಾಸುಬಟ್ಟೆ ತೂರಿಸುತ್ತಿದ್ದಳು. ಮೂಲೆ ಹಿಡಿಯಲು ಬಾರದೆ ಬಟ್ಟೆ ಸೊಟ್ಟಗೆ ಹೊರಬರುತ್ತಿತ್ತು. ಇವಳನ್ನು ಕಂಡದ್ದೇ ತಲೆ ತಗ್ಗಿಸಿದಳು.

ನೇರ ಕಚೇರಿಗೆ ನಡೆದಳು. ಅಲ್ಲಿನ ಹಳೆಯ ಗುಮಾಸ್ತ ಕನ್ನಡಕ ಹಣೆಗೇರಿಸಿದ. "ಬಿಟ್ಟು ಹೋಗ್ತೀನಿ ಅಂತ ನೀನೇ ಅಲ್ವೇನಮ್ಮ ಬರ್ಕೊಟ್ಟಿದ್ದು? ಇಷ್ಟು ವರ್ಷ ಜೊತೆಗಿದ್ದು ಒಂದು ಮಾತೂ ಹೇಳದೆ ಹೋದ್ಲಲ್ಲ ಅಂತ ನಾನು ಬೈಕೊಂಡೆ."

"ಅಯ್ಯೋ, ನಾನು ಕೇಳಿದ್ದು ರಜೆ! ಲೀವು! ನನ್ನ ತಂಗೀನೇ ಬರ್ದಿದ್ದು."

ತಂಗಿ ಅದೇ ಕಚೇರಿಯ ಟೈಪಿಸ್ಟ್. ಈಗ ಅವಳ ಕುರ್ಚಿ ಖಾಲಿಯಿತ್ತು. ಆ ಮನೆಯಲ್ಲಿ ಇಂಗ್ಲಿಷ್ ಕಲಿತವಳು ಅವಳೊಬ್ಬಳೇ.

ಗುಮಾಸ್ತ ಕಡತದಿಂದ ಕಾಗದ ತೆಗೆದು ಮೇಜಿನ ಮೇಲೆ ಹರಡಿದ. "ನೋಡಮ್ಮ, ಲೀವ್ ಬೇಕು ಅಂತ ಬರೆದ್ರೆ ರಜೆ. ಲೀವ್ ಮಾಡ್ತೀನಿ ಅಂತ ಬರೆದ್ರೆ ಬಿಟ್ಟು ಹೋಗೋದು. ಮೊದಲನೇದಾದ್ರೆ ವಾಪಸ್ ಬರಬಹುದು. ಇಲ್ಲಿರೋದು ಎರಡನೇದು."

ಚಿಕ್ಕಂದಿನಲ್ಲಿ ಅಪ್ಪ ಪದ್ಯ ಓದುವಾಗ ಒಂದೇ ಮಾತಿನಿಂದ ಎರಡು ಅರ್ಥ ಹೊರಡಿಸಿದರೆ ಅಕ್ಕತಂಗಿಯರಿಬ್ಬರೂ ಕೈ ತಟ್ಟಿ ನಗುತ್ತಿದ್ದರು. ಮಾತಿಗೆ ಎರಡು ಬಾಗಿಲಿದ್ದರೆ ಚೆಂದ ಎಂದೇ ಅವಳು ತಿಳಿದಿದ್ದಳು. ಒಂದರಿಂದ ಒಳಗೆ ಕರೆದು ಇನ್ನೊಂದರಿಂದ ಹೊರಗೆ ತಳ್ಳಬಹುದೆಂದು ತಿಳಿದಿರಲಿಲ್ಲ.

ಆದರೂ ತಂಗಿಯ ಪರ ವಹಿಸಿದಳು. "ಕೈತಪ್ಪಿರುತ್ತೆ ಬಿಡಿ. ಎಂಥವರಿಗೂ ತಪ್ಪುತ್ತೆ."

ಅವಳಿಗೆ ಇಂಗ್ಲಿಷ್ ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿತ್ತು. ಬಟ್ಟೆಯ ಗಂಟುಗಳ ಮೇಲೆ ದಿನಾ ಬರೆಯುವುದು ಅದನ್ನೇ. ಸಹಿ ಹಾಕಿದ ದಿನ ಕಾಗದ ಹಾಲು ಚೆಲ್ಲಿದಂತೆ ಕಂಡಿತ್ತು. 'ಹತ್ತು ದಿನ ರಜೆ ಕೊಡಬೇಕು' ಎಂದು ತಂಗಿ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದ್ದಳು. ಈಗ ತಿಳಿಯಾದ ಕಣ್ಣಿನಿಂದ ಮೇಲಿಂದ ಕೆಳಗೆ ಹುಡುಕಿದಳು. ತಾರೀಖು ಇತ್ತು. ಹತ್ತು ಇರಲಿಲ್ಲ.

"ಅಕ್ಷರದಲ್ಲೂ ಇಲ್ವಾ, ಹತ್ತು ಅಂತ?"

"ಇಲ್ಲಮ್ಮ."

ಕೈತಪ್ಪಿದರೆ ಒಂದು ಪದ ತಪ್ಪೀತು. ಕಾಗದದಲ್ಲಿ ಇಲ್ಲದ ಹತ್ತನ್ನು ಯಾರೂ ಬಾಯಿತಪ್ಪಿ ಓದುವುದಿಲ್ಲ.

"ಬೇಲೀನೇ ಎದ್ದು ಹೊಲ ಮೇಯ್ತಲ್ಲಮ್ಮ," ಎಂದ ಗುಮಾಸ್ತ ಮೆಲ್ಲಗೆ. "ಮ್ಯಾನೇಜರ್ ಹತ್ರ ಇದ್ದದ್ದು ಇದ್ದ ಹಾಗೆ ಹೇಳು. ನಿನ್ನ ಕೆಲಸ ಸಿಗುತ್ತೆ. ಆದ್ರೆ ಬರ್ದವಳ ಕೆಲಸ ಉಳಿಯಲ್ಲ, ಅದನ್ನೂ ಯೋಚ್ನೆ ಮಾಡು."

ಕಾಗದ ಹಿಡಿದು ಮ್ಯಾನೇಜರ ಬಾಗಿಲ ತನಕ ಹೋಗಿದ್ದಳು. ಹಿಂದಿನಿಂದ ತಂಗಿ ಓಡಿಬಂದು ತೋಳು ಹಿಡಿದಳು.

"ಅಕ್ಕಾ, ನಿಲ್ಲೇ! ನಾದಿನಿ ಮನೇಲಿ ಸುಮ್ನೆ ಕೂತಿದ್ರೆ ನಮ್ಮತ್ತೆ ನನ್ನ ಹುರಿದು ಮುಕ್ತಿದ್ರು. ನಿಂಗೂ ವಯಸ್ಸಾಯ್ತು, ಕಣ್ಣು ಬೇರೆ ಮಂಜು..."

"ಕಣ್ಣು ಈಗ ಚೆನ್ನಾಗೇ ಕಾಣುತ್ತೆ ಕಣೇ."

"ಹಾಗಲ್ಲ ಅಕ್ಕ..."

"ಬಾಯಿಬಿಟ್ಟು ಕೇಳಿದ್ರೆ ಕೊಟ್ಟೇಬಿಡ್ತಿದ್ನೇನೋ. ನಂಗೆ ಓದೋಕೆ ಬರಲ್ಲ ಅಂತ ತಾನೇ ನಿನ್ನ ಹತ್ರ ಬಂದಿದ್ದು?"

ತಂಗಿಯ ಕಣ್ಣು ತುಂಬಿತು. ನಿಜವಾಗಿಯೂ ತುಂಬಿತು, ಅಕ್ಕನಿಗೆ ಅದೂ ಕಂಡಿತು.

"ನನ್ನ ಕೆಲಸ ಹೋಗುತ್ತಕ್ಕ. ನಿನ್ನ ಕಾಲಿಗೆ ಬೀಳ್ತೀನಿ. ಇದೊಂದ್ಸಲ ಬಿಟ್ಬಿಡು."

ಅಕ್ಕ ತಂಗಿಯ ಬೆರಳುಗಳನ್ನು ತನ್ನ ತೋಳಿನಿಂದ ಒಂದೊಂದಾಗಿ ಕಿತ್ತಳು.

"ಬಿಡಲ್ಲ."