ಐವತ್ತೆರಡು ಹಲ್ಲು

ಕುರುಗೋಡು ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ಅಕ್ಷತಾಳ ಸೈಕಲ್ಲಿನ ಚೈನು ಮೂರನೇ ಸಲ ಹಾರಿತು. ಕಾಲು ಗಾಳಿಯನ್ನು ತುಳಿದು, ಮೊಣಕಾಲು ಹ್ಯಾಂಡಲ್ಲಿಗೆ ಬಡಿಯಿತು.

"ಕಟ್! ಒನ್ ಮೋರ್ ಟೇಕ್!" ಎಂದ, ಹಿಂದೆ ಇನ್ನೊಂದು ಸೈಕಲ್ಲಿನಲ್ಲಿ ಬರುತ್ತಿದ್ದ ಸಮ್ರಾಟ್. ಆಕೆಯ ಚಿಕ್ಕಪ್ಪನ ಮಗ. ಬಾಯಿ ತೆರೆದರೆ ಸಿನಿಮಾ.

"ಹಲ್ಲು ಮುರೀತೀನಿ ನೋಡು."

"ನನ್ನವು ಯಾಕ? ನಿನ್ನ ಚೈನ್ ವೀಲಿನವು ಮೊದ್ಲೇ ಹೋಗ್ಯಾವ."

ಅದು ನಿಜ. ಪೆಡಲಿನ ಜೊತೆ ತಿರುಗಿ ಚೈನನ್ನು ಎಳೆಯುವ ದೊಡ್ಡ ಹಲ್ಲಿನ ಚಕ್ರ ಸವೆದು ಸವೆದು ಮೀನಿನ ಮುಳ್ಳಿನಂತಾಗಿತ್ತು. ಜೋರಾಗಿ ತುಳಿದರೆ ಸಾಕು, ಚೈನು ಜಾರುತ್ತಿತ್ತು. ನಾಳೆ ಬೆಳಿಗ್ಗೆ ಏಳಕ್ಕೆ ಬಳ್ಳಾರಿಯಲ್ಲಿ ರಾಜ್ಯ ತಂಡದ ಆಯ್ಕೆಯ ರೇಸು. "ನಿನ್ನ ಚಕ್ರ ತಯಾರೈತಿ, ನಾಳೆ ಅಂಗಡಿಗೆ ಬಾರವ್ವ" ಎಂದು ನಿನ್ನೆ ಸಂಜೆ ಫೋನ್ ಮಾಡಿದ್ದರು ಸೈಕಲ್ ರಿಪೇರಿಯ ಮೈಲಾರಲಿಂಗಪ್ಪ ತಾತ. ಇವತ್ತು ಬೆಳಿಗ್ಗೆ ಕುರುಗೋಡಿನ ಮನೆಯಿಂದ ಬಳ್ಳಾರಿ ಬ್ರೂಸ್‌ಪೇಟೆಯ ತಮ್ಮ ಅಂಗಡಿಗೆ ಹೋಗಲು ಮೊದಲ ಬಸ್ಸಿಗೆ ಹೊರಟವರು, ಚಪ್ಪಲಿ ಮೆಟ್ಟುತ್ತಲೇ ಕುಸಿದರು. ಮೇಲೇಳಲಿಲ್ಲ.

"ಕೇಳ್ತೀಯೇನು?" ಸಮ್ರಾಟನ ದನಿ ಮೆತ್ತಗಾಗಿತ್ತು.

"ಸತ್ತ ಮನ್ಯಾಗ ಸೈಕಲ್ ಪಾರ್ಟು ಕೇಳಾಕ ಮರ್ಯಾದಿ ಇಲ್ಲದಾಕಿ ಏನು ನಾನು? ನೀನೂ ಬಾಯಿ ಬಿಡಬ್ಯಾಡ."

"ಹಂಗಾದ್ರ ನಾಳಿ ರೇಸು?"

ಅಕ್ಷತಾ ಬೆರಳಿನಿಂದಲೇ ಚೈನು ಏರಿಸಿದಳು.

*

ನಾಲ್ಕು ತಿಂಗಳ ಹಿಂದೆ ತಾತ ಆ ಚಕ್ರವನ್ನು ಬಿಚ್ಚಿ ಬೆಳಕಿಗೆ ಹಿಡಿದಿದ್ದರು.

"ಇವು ಹಲ್ಲಲ್ಲವ್ವ, ವಿಲನ್ ನಗು."

"ಹೊಸಾದು ಬೆಂಗಳೂರಿಂದ ತರಿಸಬಹುದು ತಾತ, ಆದರ..."

ಕೊಳಗಲ್ಲಿನಿಂದ ದಿನವೂ ಬಳ್ಳಾರಿಗೆ ಬಂದು ಜೀನ್ಸ್ ಕಾರ್ಖಾನೆಯಲ್ಲಿ ಹೊಲಿಯುವ ಅವ್ವ ಅರ್ಧ ತಿಂಗಳು ದುಡಿದರೆ ಬರುವಷ್ಟಿತ್ತು ಅದರ ಬೆಲೆ. ಸೈಕಲ್ಲೇ ಮೂರನೇ ಕೈಯದು.

"ಆದರ ಅಂದ್ಯಲ್ಲ, ಅಲ್ಲೇ ನನ್ನ ಎಂಟ್ರಿ!" ತಾತ ಮೀಸೆ ತಿರುವಿದರು. ಗ್ರೀಸು ಮೀಸೆಗೂ ಹತ್ತಿತು. ಆಮೇಲೆ ಚಕ್ರವನ್ನು ಪೆಡಲಿಗೆ ಬಿಗಿಯುವ ಐದು ಬೋಲ್ಟಿನ ತೂತುಗಳ ನಡುವೆ ಅಳತೆಗೆಂದು ದಾರ ಎಳೆದು, ತೂತು ಬಂದಲ್ಲೆಲ್ಲ ಒಂದೊಂದು ಗಂಟು ಹಾಕಿದರು. "ಈ ಐದು ತೂತು ಕೂಡಿದ್ರ ಮದುವಿ. ಕೂಡ್ಲಿಲ್ಲ ಅಂದ್ರ ಇಂಟರ್ವಲ್ಲಿಗೇ ಪಿಕ್ಚರ್ ಖತಂ."

"ಎಷ್ಟು ಆಗತೈತಿ ತಾತ?"

"ನೀ ಗೆದ್ದ ಮ್ಯಾಲೆ ಪೇಪರ್‌ನಾಗ ಫೋಟೋ ಬರತೈತಲ್ಲ? ಅದರಾಗ ನಿನ್ನ ಮಕ ಕಾಣ್ಲಿಲ್ಲಂದ್ರೂ ನಡೀತೈತಿ. ನನ್ನ ಚಕ್ರ ಕಾಣಬೇಕು. ಅಷ್ಟ."

ಹಳೆಯ ಚಕ್ರವನ್ನೇ ಮತ್ತೆ ಕೂರಿಸಿಕೊಟ್ಟು, "ಈ ಅಳತೀದು ಇನ್ನೊಂದು ಹುಡುಕೂ ತನಕ ಮೆಲ್ಲಕ ತುಳಿ" ಎಂದರು. ಮೆಲ್ಲಗೆ ತುಳಿಯುವುದೊಂದನ್ನು ಬಿಟ್ಟು ಅಕ್ಷತಾಳಿಗೆ ಎಲ್ಲವೂ ಬರುತ್ತಿತ್ತು.

*

ಪಡಸಾಲೆಯಲ್ಲಿ ತಾತನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಬಿಳಿ ಧೋತರ, ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ. ಇನ್ನೇನು ಎದ್ದು ಡೈಲಾಗ್ ಹೊಡೆಯುವವರಂತೆ ಕಾಣುತ್ತಿದ್ದರು. ಎದುರಿಗೆ ಭಜನೆ ಏರಿತ್ತು.

ಠಣ್!

ಅಕ್ಷತಾ ತಲೆಯೆತ್ತಿದಳು. ಭಜನೆಯವರಲ್ಲೊಬ್ಬ, ಅಂಜಿನೇಯ, ದಾರದಲ್ಲಿ ಒಂದು ಹೊಳೆಯುವ ಚಕ್ರವನ್ನು ಇಳಿಬಿಟ್ಟುಕೊಂಡು ಬೋಲ್ಟು ಬಿಗಿಯುವ ಪಾನೆಯಿಂದ ಬಾರಿಸುತ್ತಿದ್ದ. ಐದು ತೂತು. ಸುತ್ತ ಹಲ್ಲು.

ಸಮ್ರಾಟ್ ಕಿವಿಯಲ್ಲಿ ಉಸುರಿದ: "ಅಕ್ಕಾ, ಹೀರೋನ್ನ ಹೊಡೀಲಿಕತ್ತಾರ."

ಆಕೆ ಅವನ ತೊಡೆ ಚಿವುಟಿದಳು. ಒಂದೊಂದು ಏಟಿಗೂ ತನ್ನದೇ ದವಡೆ ನಡುಗುತ್ತಿತ್ತು. ಒಂದು ಹಲ್ಲು ಮುಕ್ಕಾದರೂ ನಾಳೆ ಚೈನು ಅಲ್ಲೇ ಜಾರುತ್ತದೆ. ಆದರೆ ದೇವರ ಪದ ಹಾಡುವವರ ಕೈಯಿಂದ ಕಿತ್ತುಕೊಳ್ಳುವುದು ಹೇಗೆ?

ಪಕ್ಕದಲ್ಲಿ ಕೂತಿದ್ದವನು ಸಿರುಗುಪ್ಪದ ಗುಜರಿ ಅಂಗಡಿಯ ಎರ್ರೆಪ್ಪ. ಯಾರೂ ಕೇಳದೆಯೇ ಮಾತು ಶುರುಮಾಡಿದ.

"ಇಂಥಾ ಮನುಷ್ಯಾನ್ನ ನಾ ನೋಡಿಲ್ಲವ್ವ. ಎರಡು ತಿಂಗಳದಾಗ ಐದು ಸಲ ಬಂದ್ರು ನಮ್ಮ ಅಂಗಡಿಗೆ. ಗಂಟು ಹಾಕಿದ ದಾರ ಹಿಡಕೊಂಡು ಗುಜರಿ ಗುಡ್ಡದಾಗ ಇಳಿಯೋರು. ಏನ್ ಮಾವ, ಬಂಗಾರ ಹುಡುಕ್ತೀಯೇನು ಅಂದ್ರ, ಬಂಗಾರ ಸಿಕ್ರ ನೀನ ಇಟ್ಕೊಳಲೇ ಅನ್ನೋರು. ಐದನೇ ಸಲ ಯಾವ್ದೋ ಹಳೇ ಫಾರಿನ್ ಸೈಕಲ್ಲಿಂದು ಸಿಕ್ತು ನೋಡು, ಆ ಬಿಸಿಲಾಗ ಒಂದು ಸ್ಟೆಪ್ ಹಾಕೇಬಿಟ್ರು! ತೂತು ಕೂಡ್ಯಾವ ಮಾವ, ಆದರ ಹಲ್ಲು ದಪ್ಪ ಐತಿ, ಈಗಿನ ಸಣ್ಣ ಚೈನಿಗೆ ಕುಂದ್ರಂಗಿಲ್ಲ ಅಂದೆ. ಕೇಳಬೇಕಲ್ಲ!"

"ಅದಕ್ಕ ದಿನಾ ಸಂಜಿಮುಂದ ಅರ ಹಿಡದು ತಿಕ್ಕಾಕ ಕುಂದ್ರೋರು," ಗಂಡನ ಕಾಲ ಬಳಿ ಕೂತಿದ್ದ ಜಂಬಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕರ್ ಕರ್ ಕರ್. ಸೀರಿಯಲ್‌ನಾಗ ಸೊಸಿ ಅಳೋದೂ ಕೇಳ್ತಿದ್ದಿಲ್ಲ ನನಗ. ದಿನಕ್ಕ ಒಂದ ಹಲ್ಲು. ಎರಡು ಮಾಡಿದ್ರ ಕೈ ನಡಗತೈತಿ, ಆ ಹುಡುಗಿ ಬೀಳ್ತಾಳ ಅನ್ನೋರು. ಐವತ್ತೆರಡು ಹಲ್ಲು, ಐವತ್ತೆರಡು ದಿನ. ಕಡೀದು ನಿನ್ನಿ ಮುಗೀತು..."

ಠಣ್!

ಜಂಬಮ್ಮ ತಿರುಗಿ ನೋಡಿದಳು. ಅಳು ಅಲ್ಲಿಗೇ ನಿಂತಿತು.

"ಲೇ ಅಂಜಿನೇಯ! ಏನಲೇ ಬಡೀಲಿಕತ್ತಿ?"

"ಜಾಗಟಿ ಅವ್ವ. ಅವಸರದಾಗ ನಮ್ದು ತರಾಕ ಮರತ್ವಿ. ಕಿಟಕ್ಯಾಗ ಮಿಂಚಾಕತ್ತಿತ್ತು, ದನಿ ಚಲೋ ಐತಿ ಅಂತ..."

"ಯಾವ ಜಾಗಟಿಗೆ ಹಲ್ಲು ಇರ್ತಾವಲೇ?"

"ಹೊಸಾ ಮಾಡಲ್ ಇರಬೇಕು ಅಂದ್ಕೊಂಡೆ."

ಮೊದಲು ನಕ್ಕವಳು ಜಂಬಮ್ಮನೇ. ಬಳಿಕ ಎರ್ರೆಪ್ಪ, ಬಳಿಕ ಇಡೀ ಪಡಸಾಲೆ. ನಗುತ್ತಲೇ ಆಕೆಯ ಕಣ್ಣು ಮತ್ತೆ ತುಂಬಿಬಂತು. "ಯಾವ ಹುಡುಗಿದೋ ಏನೋ, ಹೆಸರು ನೆನಪಿಲ್ಲ. ನಾಳಿ ರೇಸು ಐತಂತ. ಎಲ್ಲಿ ಒದ್ದಾಡಲಿಕತ್ತಾಳೋ ಪಾಪ."

ಸಮ್ರಾಟ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಜನ್ಮದಲ್ಲಿ ಮೊದಲ ಸಲ ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದ. ಕಣ್ಣು ಮಾತ್ರ ಹೊರಗೆ ಬೀಳುವಂತಿದ್ದವು.

ಅಕ್ಷತಾ ನೆಲ ನೋಡುತ್ತ ಹೇಳಿದಳು: "ನಂದು ಅವ್ವ. ಕೇಳಾಕ ಬಂದಿಲ್ಲ ನಾನು. ತಾತನ್ನ ನೋಡಾಕ ಬಂದೀನಿ."

ಜಂಬಮ್ಮ ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು. ಅಂಜಿನೇಯನ ಕೈಯಿಂದ ಚಕ್ರ ತೆಗೆದುಕೊಂಡು, ಹಲ್ಲುಗಳ ಮೇಲೆ ಒಂದು ಸುತ್ತು ಬೆರಳಾಡಿಸಿ, ಅಕ್ಷತಾಳ ಮಡಿಲಿಗೆ ಹಾಕಿದಳು.

"ಹಚ್ಚು."

"ಈಗ? ತಾತನ್ನ ಎತ್ತೋ ಹೊತ್ತಾತು..."

"ಎತ್ತೋರು ಕಾಯ್ತಾರ. ಐವತ್ತೆರಡು ದಿನ ತಿಕ್ಯಾರ, ತಿರುಗೋದು ನೋಡದ ಹ್ಯಾಂಗ ಹೋಗ್ತಾರ?"

ಸೈಕಲ್ ಪಡಸಾಲೆಗೆ ಬಂತು. ತಾತನ ಎದುರಿಗೇ ಅದನ್ನು ತಲೆಕೆಳಗಾಗಿ ನಿಲ್ಲಿಸಿದರು. ಅಂಜಿನೇಯ ತಪ್ಪಿಗೆ ದಂಡ ಎಂಬಂತೆ ಗಾಲಿ ಹಿಡಿದುಕೊಂಡ. ಅಕ್ಷತಾ ಐದು ಬೋಲ್ಟು ಬಿಚ್ಚಿದಳು, ಹಳೆಯದನ್ನು ತೆಗೆದಳು, ಹೊಸದನ್ನು ಇಟ್ಟಳು. ಐದೂ ತೂತು ತಾವಾಗಿಯೇ ಕೂಡಿದವು. ಬೋಲ್ಟು ಬಿಗಿದು, ಚೈನು ಏರಿಸಿ, ಸೈಕಲ್ ನೆಟ್ಟಗೆ ಮಾಡಿ, ಸಮ್ರಾಟನಿಗೆ ಬ್ರೇಕು ಹಿಡಿಯಲು ಹೇಳಿ, ಪೆಡಲಿನ ಮೇಲೆ ಎದ್ದು ನಿಂತಳು. ಮೈಭಾರವೆಲ್ಲ ಹಾಕಿ ಒತ್ತಿದಳು. ಚೈನು ಬಿಗಿಯಿತು. ಜಾರಲಿಲ್ಲ. ಇನ್ನೂ ಒತ್ತಿದಳು. ಜಾರಲಿಲ್ಲ.

ಇಳಿದು, ಸಮ್ರಾಟನಿಂದ ಹಿಂದಿನ ಗಾಲಿ ಎತ್ತಿಸಿ, ಕೈಯಿಂದ ಪೆಡಲ್ ತಿರುಗಿಸಿದಳು. ಭಜನೆಯವರೂ ಉಸಿರು ಹಿಡಿದು ಕೇಳಿದರು. ಕೇಳಲು ಏನೂ ಇರಲಿಲ್ಲ. ಅಷ್ಟು ಸದ್ದಿಲ್ಲದೆ ಓಡುತ್ತಿತ್ತು ಚೈನು.

"ಪತ್ರಿ ಏರಿಸೋರು ಬರ್ರಿ," ಕ್ರಿಯೆ ಮಾಡಿಸಲು ಬಂದಿದ್ದ ಸ್ವಾಮಿಗಳು ಕರೆದರು.

ಅಕ್ಷತಾ ಗ್ರೀಸು ಹತ್ತಿದ ಕೈ ತೊಳೆಯಲು ಬಚ್ಚಲಿನತ್ತ ಹೊರಟಳು. ಜಂಬಮ್ಮ ಮುಂಗೈ ಹಿಡಿದಳು.

"ಹಂಗ ಬಾ. ಕೈ ತೊಳಕೊಂಡು ಯಾರು ಹೋಗಿದ್ರು ಅವ್ರ ಹತ್ರ?"

ಅಕ್ಷತಾ ಬಿಲ್ವಪತ್ರೆ ಹಿಡಿದು ಬಗ್ಗಿದಳು. ತಾತನ ಮಡಿಲಲ್ಲಿ ಪತ್ರೆ ಇಟ್ಟು ಏಳುವಾಗ ಕಾಲು ತಡವರಿಸಿ, ಅವರ ಮೊಣಕಾಲನ್ನು ಒಂದು ಕ್ಷಣ ಆಸರೆಗೆ ಹಿಡಿದಳು. ಕೈ ತೆಗೆದಾಗ, ಮಡಿಕೆಯ ಗೆರೆ ಅಳಿಯದ ಆ ಬಿಳಿ ಧೋತರದ ಮೇಲೆ, ಉದುರಿದ ವಿಭೂತಿಯ ಪಕ್ಕದಲ್ಲಿ, ಐದು ಕಪ್ಪು ಬೆರಳು ಮೂಡಿದ್ದವು.