ಕರೆವ್ವನ ಬಳೆಯ ಸದ್ದು

ಗಂಡ ಹೂವಪ್ಪ ಕಣ್ಣಿನ ಪರೀಕ್ಷೆಯಲ್ಲಿ ಪಾಸಾದನೆಂದು ಕರೆವ್ವ ಹಿಗ್ಗಬೇಕಿತ್ತು. ಹಿಗ್ಗು ಎಲ್ಲಿಂದ ಬರಬೇಕು?

ಹೂವಪ್ಪ ಹಾನಗಲ್ಲಿನ ಸಾಹುಕಾರರೊಬ್ಬರ ಮೆಟಡೋರ್ ಓಡಿಸುತ್ತಿದ್ದ. ಸಂತೆಗಾಗಲಿ ಮದುವೆಗಾಗಲಿ, ಹಿರೇಕೆರೂರಿನಿಂದ ಸವಣೂರಿನವರೆಗೆ ಜನ ಅವನ ಗಾಡಿಯನ್ನೇ ಕೇಳುತ್ತಿದ್ದರು. ಹೋದ ವರ್ಷ, ಎಂಬತ್ತಮೂರರಲ್ಲಿ, ಶಿಗ್ಗಾಂವಿಯ ಕಣ್ಣಿನ ಡಾಕ್ಟರು ಅವನ ಕಣ್ಣೊಳಗೆ ಒತ್ತಡ ಹೆಚ್ಚಾಗಿ ನರ ಸವೆಯುತ್ತಿದೆ ಎಂದಿದ್ದರು. ಅಂಚಿನ ನೋಟ ಮೊದಲು ಹೋಗುತ್ತದಂತೆ, ಹೋದದ್ದು ತಿರುಗಿ ಬರುವುದಿಲ್ಲವಂತೆ. ಹನಿ ಔಷಧ ಕೊಟ್ಟಿದ್ದರು. ಈ ಸಲ ನೋಟ ಇನ್ನೂ ಕುಗ್ಗಿದ್ದರೆ ಆಪರೇಷನ್, ಗಾಡಿ ಬಂದ್.

ಪಾಸು ಮಾಡಿಸುವ ಉಪಾಯ ಕರೆವ್ವನದೇ. ಪರೀಕ್ಷೆಯೆಂದರೆ ಗೋಡೆಗೊಂದು ಕರಿ ಬಟ್ಟೆ, ನಡುವೆ ಒಂದು ಚುಕ್ಕಿ. ಒಂದು ಕಣ್ಣು ಮುಚ್ಚಿ ಚುಕ್ಕಿಯನ್ನೇ ನೋಡುತ್ತ ಕೂಡಬೇಕು. ಡಾಕ್ಟರು ಕಡ್ಡಿಯ ತುದಿಯ ಬಿಳಿ ಮಣಿಯನ್ನು ಅಂಚಿನಿಂದ ಒಳಗೆ ತರುತ್ತಾರೆ. ಕಂಡ ಕೂಡಲೇ ಹೇಳಬೇಕು.

“ಮಣಿ ಬಂದ ಕೂಡ್ಲೇ ನಾ ಬಳಿ ಅಲ್ಲಾಡಸ್ತೇನಿ. ನೀವು ಕಾಣ್ತು ಅನ್ರಿ, ಸಾಕು.”

“ಕಳ್ಳಾಟ ಅಲ್ಲೇನ ಇದು?” ಎಂದ ಹೂವಪ್ಪ.

“ಕೈಯಾಗಿನ ಸ್ಟೇರಿಂಗ್ ಹೋದ್ರ ನೀವು ಬದುಕ್ತೀರೇನು? ಸುಮ್ನ ನಾ ಹೇಳಿದಂಗ ಮಾಡ್ರಿ.”

ಹಾಗೆಯೇ ಆಯಿತು. ಹಿಂದೆ ಹಸಿರು ಗಾಜಿನ ಬಳೆ ಝಣ್ ಎಂದಾಗಲೆಲ್ಲ ಹೂವಪ್ಪ “ಕಾಣ್ತ್ರಿ” ಎಂದ. ಡಾಕ್ಟರರ ಗಮನವೆಲ್ಲ ಅವನ ಕಣ್ಣಿನ ಮೇಲೆ. ಹಿಂದೆ ಕುಳಿತ ಹೆಂಗಸಿನ ಕೈ ಯಾರು ನೋಡುತ್ತಾರೆ?

ಆಮೇಲೆ ಡಾಕ್ಟರು ಮೇಜಿನ ಮೇಲೆ ಎರಡು ಫೋಟೋ ಇಟ್ಟರು. ಅವನ ಕಣ್ಣಿನ ಹಿಂಭಾಗದ್ದು, ಒಂದು ಹೋದ ವರ್ಷದ್ದು, ಇನ್ನೊಂದು ಮೊನ್ನೆ ತೆಗೆದದ್ದು. ನರದ ಹಳದಿ ಬಿಲ್ಲೆಯ ನಡುವಿನ ತಗ್ಗು ಈಗ ಅಗಲವಾದಂತಿತ್ತು, ನರ ಇನ್ನೂ ಸವೆದ ಗುರುತು ಅದು. ಅವರು ಭೂತಗನ್ನಡಿ ಹಿಡಿದು ಫೋಟೋ ನೋಡಿದರು, ಪರೀಕ್ಷೆಯ ಹಾಳೆ ನೋಡಿದರು, ಮತ್ತೆ ಫೋಟೋ ನೋಡಿದರು.

“ಫೋಟೋ ಒಂದು ಹೇಳ್ತೈತಿ, ನಿಮ್ಮ ಯಜಮಾನ್ರು ಒಂದು ಹೇಳ್ತಾರ. ಬೆಳಕು ಹೆಚ್ಚುಕಮ್ಮಿ ಬಿದ್ರೂ ಫೋಟೋ ಹಿಂಗ ಬರಬಹುದು. ನೋಡೋ ಮನಶ್ಯಾನ ಕಾಣ್ತು ಅಂದಮ್ಯಾಲ ನಾ ಅವನ್ನ ನಂಬಬೇಕಲ್ಲ. ಅದ ಹನಿ ಹಾಕ್ರಿ, ಗಾಡಿ ಹೊಡೀರಿ.”

ನಂಬಬೇಕಲ್ಲ ಎಂಬ ಮಾತು ಕರೆವ್ವನ ಎದೆಗೆ ನಾಟಿತು. ಬೈದಿದ್ದರೆ ತಿರುಗಿ ಬೈಯುತ್ತಿದ್ದಳು, ಅದರಲ್ಲಿ ಅವಳದು ಎತ್ತಿದ ಕೈ. ನಂಬಿದವರಿಗೆ ಏನು ಹೇಳುವುದು?

ಹೊರಗೆ ರಸ್ತೆ ದಾಟುವಾಗ ಎಡಗಡೆಯಿಂದ ನಿಂಬೆಹಣ್ಣಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದಳು. ಹೂವಪ್ಪ ಸೀದಾ ಹೋಗಿ ಅವಳಿಗೆ ಡಿಕ್ಕಿ ಹೊಡೆದ. ಹಣ್ಣೆಲ್ಲ ರಸ್ತೆಯ ಪಾಲು.

“ಏ ತಮ್ಮಾ, ಕಣ್ಣು ಕಾಣೂದಿಲ್ಲೇನ ನಿನಗ?”

“ಚಲೋ ಕಾಣ್ತಾವಂತ ಈಗಷ್ಟ ಡಾಕ್ಟರು ಹೇಳ್ಯಾರವ್ವಾ,” ಎಂದು ನಕ್ಕು ಹೂವಪ್ಪ ಹಣ್ಣು ಆರಿಸತೊಡಗಿದ. ಎಡಗಡೆ ಬಿದ್ದವನ್ನು ಹಾಗೇ ಬಿಟ್ಟ.

ಕರೆವ್ವನಿಗೆ ನಗು ಬರಲಿಲ್ಲ. ನಾಳೆ ಹಿರೇಕೆರೂರಿನ ಸಂತೆ, ಗಾಡಿ ತುಂಬ ಹೆಂಗಸರು, ಮಕ್ಕಳು. ಅಯ್ಯೋ ಶಿವನೇ, ಎಂಥ ಪಾಪ ಮಾಡಿದೆ ನಾನು! ಗಂಡನ ರಟ್ಟೆ ಹಿಡಿದೆಳೆದಳು.

“ತಿರುಗ್ರಿ. ಡಾಕ್ಟರ ಕಡೆ ಹೋಗೂಣು.”

“ಎಲ್ಲಾ ಮುಗೀತಲ್ಲ?”

“ಮುಗದಿಲ್ಲ. ನನ್ನ ಹಾಳು ಬುದ್ಧಿ ನಿಮ್ಮ ಕಣ್ಣು ತಿನ್ನಾಕತ್ತೈತಿ.”

ಡಾಕ್ಟರರ ಮುಂದೆ ನಿಂತು ಬಳೆಗಳನ್ನು ಒಂದೊಂದಾಗಿ ಕಳಚಿದಳು. ಬಿಗಿ ಬಳೆ, ಒಂದು ಒಡೆದು ಮುಂಗೈ ಕೊಯ್ದಿತು. ಸರದಿಗೆ ಕುಳಿತಿದ್ದ ಮುದುಕಿಯೊಬ್ಬಳು ಬಾಗಿಲಿನಿಂದಲೇ ಕೂಗಿದಳು: “ಅಯ್ಯ ನಿನ್ನ! ಗಂಡ ಮುಂದ ನಿಂತಾಗ ಮುತ್ತೈದಿ ಬಳಿ ತಗೀತಾಳೇನ?”

“ಇವು ಕೈಯಾಗಿದ್ರ ಅವ್ರ ಕಣ್ಣು ಹೋಗ್ತಾವ ಬೇ,” ಎಂದು ಕರೆವ್ವ ಬಳೆಗಳನ್ನು ಮೇಜಿನ ಮೇಲಿಟ್ಟಳು. “ಇನ್ನೊಮ್ಮೆ ನೋಡ್ರಿ ಸಾಹೇಬ್ರ. ಆಗ ಮಣಿ ಕಂಡಿದ್ದು ಅವ್ರಿಗಲ್ಲ, ನನಗ.”

ಡಾಕ್ಟರು ಬಳೆ ನೋಡಿದರು, ಅವಳ ಮುಖ ನೋಡಿದರು. ಮತ್ತೆ ಕಡ್ಡಿ ಎತ್ತಿಕೊಂಡರು.

ಹೂವಪ್ಪ ಚುಕ್ಕಿ ನೋಡುತ್ತ ಕುಳಿತ. ಎಡ ಅಂಚಿನಿಂದ ಮಣಿ ಹೊರಟಿತು. ಕರೆವ್ವ ಬರಿಗೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಅನ್ರಿ, ಅನ್ರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಮಣಿ ನಿಧಾನವಾಗಿ ಸರಿಯುತ್ತ ಚುಕ್ಕಿಯ ಸಮೀಪಕ್ಕೆ ಬಂದಿತ್ತು.

“ನಾ ತಯಾರ್ ಅದೀನ್ರಿ ಸಾಹೇಬ್ರ,” ಎಂದ ಹೂವಪ್ಪ. “ಸುರು ಮಾಡ್ರಿ.”