ಗುರುವಾರದ ಸುಳ್ಳು ರೋಗಿ

ನನ್ನ ಕೆಲಸ ಏನು ಅಂದರೆ ನಗಬೇಡಿ. ಸುಳ್ಳು ಹೇಳುವುದು. ರಾಜ್ಯದ ಹಳ್ಳಿಗಾಡಿನಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ನಿಜವಾಗಿ ಎಲ್ಲೆಲ್ಲಿ ಸಿಗುತ್ತದೆ ಅಂತ ಸರ್ವೆ. ಮನೆಯಿಂದಲೇ ಒಂದೊಂದು ಕೇಂದ್ರಕ್ಕೂ ರೋಗಿಯ ಕಡೆಯವಳ ಹಾಗೆ ಫೋನು ಮಾಡಿ ತಾರೀಕು ಕೇಳಬೇಕು. ಕೊಟ್ಟರೆ ತಕ್ಷಣ ನಿಜ ಹೇಳಿ ಬಿಟ್ಟುಕೊಡಬೇಕು, ಇಲ್ಲದಿದ್ದರೆ ಯಾರದೋ ಜಾಗ ನಾವು ತಿಂದ ಹಾಗೆ.

ಸುಳ್ಳು ಕಟ್ಟುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಮೊದಲ ಫೋನಿನಲ್ಲೇ ತಡಬಡಾಯಿಸಿ, ಪಕ್ಕದ ಕೋಣೆಯಲ್ಲಿದ್ದ ತಮ್ಮನ ಕಥೆಯನ್ನೇ ಹೇಳಿಬಿಟ್ಟೆ. ಅವನು ಬಸ್ ಕಂಡಕ್ಟರು. ಬಸ್ಸು ಮಗುಚಿದಾಗ ಮೈಗೆ ಒಂದು ಗೀರೂ ಆಗಲಿಲ್ಲ, ಆದರೆ ಆಮೇಲೆ ಹೊಸ್ತಿಲು ದಾಟಲೇ ಇಲ್ಲ. ಡಾಕ್ಟರ ಹೆಸರೆತ್ತಿದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಇವನು ನಮ್ಮ ಕೈತಪ್ಪಿ ಹೋಗುತ್ತಾನೆ ಅಂತ ಹೆದರಿ ನನ್ನ ನಿದ್ದೆಯೇ ಹಾರಿಹೋಗಿತ್ತು.

ಕೇಂದ್ರಗಳ ಕಥೆಯಂತೂ ಕೇಳಲೇಬೇಡಿ. ಒಂದು ಕಡೆ ಫೋನೇ ಎತ್ತಲ್ಲ. ಇನ್ನೊಂದು ಕಡೆ ಡಾಕ್ಟರು ವರ್ಗವಾಗಿದ್ದಾರೆ. ಮತ್ತೊಂದು ನಂಬರಿನಲ್ಲಿ ದನದ ಆಸ್ಪತ್ರೆಯವರು ಸಿಕ್ಕರು. ಎಲ್ಲರಿಗಿಂತ ಮರ್ಯಾದೆಯಿಂದ ಮಾತಾಡಿದವರು ಅವರೇ. ಕೊನೆಗೆ ಗುಡ್ಡದಾಚೆಯ ಊರಿನ ಆಪ್ತಸಮಾಲೋಚಕಿಯೊಬ್ಬರು ತಮ್ಮನ ಕಥೆ ಪೂರ್ತಿ ಕೇಳಿಸಿಕೊಂಡು, ಗುರುವಾರ ಕರಕೊಂಡು ಬನ್ನಿ ಅಂದರು. ಅವನ ವಿಷಯ ಅಷ್ಟು ಹೊತ್ತು ಯಾರೂ ಕೇಳಿರಲಿಲ್ಲ. ನನಗೆ ಅಳುವೇ ಬಂತು. ಥ್ಯಾಂಕ್ಸ್ ಹೇಳಿ ಫೋನಿಟ್ಟೆ, ಬಿಟ್ಟುಕೊಡುವುದು ಮರೆತೇಹೋಯಿತು.

ಫೋನು ಮನೆಯಲ್ಲಿಟ್ಟು ಹಾಲು ತರಲು ಹೋದಾಗ ಅದು ನೆನಪಾಯಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಅಂತ ಬೈದುಕೊಂಡು ಓಡಿಬಂದರೆ, ತಮ್ಮ ಆ ಫೋನು ಹಿಡಿದು ನಡುಮನೆಯಲ್ಲಿ ಕೂತಿದ್ದಾನೆ. ಗುರುವಾರ ಬರುವುದು ಖಂಡಿತ ತಾನೇ ಅಂತ ಕೇಳಲು ಆ ಸಮಾಲೋಚಕಿ ಫೋನು ಮಾಡಿದ್ದರಂತೆ. ಯಾರು ಬರಬೇಕು ಅಂತ ಇವನು ಕೇಳಿದನಂತೆ. ಬಸ್ಸು ಮಗುಚಿದ ಕಂಡಕ್ಟರು ಅಂದರಂತೆ.

"ಸಿಟ್ಟಾಗಬೇಡ ಕಣೋ, ಈಗಲೇ ಬೇಡ ಅಂತ ಹೇಳ್ತೀನಿ," ಅಂದೆ.

"ಬರ್ತೀನಿ ಅಂತ ಹೇಳಿಬಿಟ್ಟೆ ಕಣಕ್ಕ," ಅಂದ.

ತಾರೀಕು ಬಿಟ್ಟುಕೊಟ್ಟಿಲ್ಲ ಅಂತ ತಿಳಿದು ಸರ್ವೆ ನಡೆಸುವ ಮೇಡಂ ನನಗೆ ಬೈಯಲು ಬಾಯಿ ತೆಗೆದವರು, ರೋಗಿ ನಿಜ ಅಂದ ಮೇಲೆ ನಕ್ಕುಬಿಟ್ಟರು.

ಗುರುವಾರ ಬಸ್ಸು ಬಂತು. ತಮ್ಮ ಮೆಟ್ಟಿಲ ಹತ್ತಿರ ನಿಂತವನು ನಿಂತೇ ಇದ್ದ. ಆಮೇಲೆ ಕಣ್ಣು ಮುಚ್ಚಿ ಹತ್ತಿಯೇಬಿಟ್ಟ. ಖುಷಿಯಲ್ಲಿ ನಾನು ಹಿಂದಿನ ಸೀಟಿಗೆ ಹೊರಟರೆ ತೋಳು ಹಿಡಿದು ಎಳೆದ. ಹಿಂದೆ ಕೂತರೆ ಗುಡ್ಡದ ರಸ್ತೇಲಿ ಎತ್ತಿ ಹಾಕತ್ತೆ, ಅಷ್ಟೂ ಗೊತ್ತಾಗಲ್ವಾ ಅಂತ ಗದರಿದ. ಎಷ್ಟು ದಿನವಾಗಿತ್ತು, ಅವನ ಕೈಲಿ ಬೈಸಿಕೊಂಡು!

ಬಸ್ಸಿನ ಕಂಡಕ್ಟರು ಟಿಕೆಟ್ ಕೊಡುವುದರಲ್ಲಿ ಮುಳುಗಿದ್ದ. ನನ್ನ ತಮ್ಮ ಹಿಂದೆ ಮುಂದೆ ನೋಡಿ, ಬಾಗಿಲು ಎಳೆದು, ತಗಡನ್ನು ಎರಡು ಸಲ ಬಡಿದ.

"ರೈಟ್, ರೈಟ್!"

ಬಸ್ಸು ಹೊರಟಿತು.